ಸವಣೂರಿನ ಎಲೆ ಲಾರಿ

ಹೋದ ಶ್ರಾವಣದಲ್ಲಿ ಹಿರೇಕೆರೂರಿನ ಬಸ್ ನಿಲ್ದಾಣದ ಹೊರಗೆ ಸೊಸೆಯ ಜೊತೆ ಹಾವೇರಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಜಿಟಿಜಿಟಿ ಮಳೆ ಹಿಡಿದಿತ್ತು. ಪಕ್ಕದಲ್ಲಿ ಗೋವಿನಜೋಳದ ತೆನೆ ಸುಡುತ್ತಿದ್ದ ಹೆಂಗಸು ಹಸಿ ಇದ್ದಿಲಿಗೆ ಬೀಸಣಿಗೆ ಬೀಸಿದಳು. ಹೊಗೆ ದಪ್ಪಗೆ ಎದ್ದು ನೇರ ನನ್ನ ಮುಖಕ್ಕೆ ಬಂತು. "ಈ ಕಡೆ ಬರ್ರಿ ಅತ್ತಿ, ಕೆಮ್ಮು ಹತ್ತೀತು" ಎಂದು ಸೊಸೆ ಕೈಹಿಡಿದು ಎಳೆದಳು. ನಾನು ಕದಲಲಿಲ್ಲ. ಎದೆ ತುಂಬ ಆ ಹೊಗೆ ಎಳೆದುಕೊಂಡೆ. ನನಗೀಗ ಎಪ್ಪತ್ತು ದಾಟಿದೆ. ಆದರೆ ಇದ್ದಿಲಿನ ಹೊಗೆ ಮೂಗಿಗೆ ಬಿದ್ದರೆ ಸಾಕು, ನನ್ನ ಎಡಗಾಲು ತಾನಾಗಿಯೇ ಕ್ಲಚ್ ಹುಡುಕುತ್ತದೆ.

ಅದು ದೊಡ್ಡ ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು ಬಂದು, ಆ ಕೂಪನ್ನಿಗೂ ಪೆಟ್ರೋಲ್ ಸಿಗದಂತಾಗಿ, ಓಡುತ್ತಿದ್ದ ಬಸ್ಸುಗಳು ಒಂದೊಂದಾಗಿ ನಿಂತುಹೋಗಿದ್ದವು. ನಾನು ಹಾನಗಲ್ಲಿನ ಭತ್ತದ ಗದ್ದೆಯವರ ಮಗಳು. ಹಿರೇಕೆರೂರಿಗೆ ಸೊಸೆಯಾಗಿ ಬಂದು ನಾಲ್ಕೈದು ವರ್ಷವಾಗಿತ್ತು. ಗಂಡನ ಮನೆಯಲ್ಲಿ ಹತ್ತಿ ಮತ್ತು ಕಾಳುಕಡಿಯ ವ್ಯಾಪಾರ. ನಮ್ಮವರು, ಅಂದರೆ ಚನ್ನಬಸಪ್ಪನವರು, ಮಧ್ಯಾಹ್ನದ ತನಕ ಅಂಗಡಿಯಲ್ಲಿ ತಮ್ಮ ಅಪ್ಪನ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ಕೂತಿರುತ್ತಿದ್ದರು. ಊಟವಾಯಿತೆಂದರೆ ಅಂಗಿ ಬಿಚ್ಚಿ ಹಿತ್ತಲಿಗೆ ಹೋಗಿ ಯಾವುದಾದರೊಂದು ಮೋಟಾರಿನ ಹೊಟ್ಟೆಯ ಕೆಳಗೆ ಮಲಗಿಬಿಡುವರು. ಊರಲ್ಲಿ ಕೆಲವರಿಗೆ ಎತ್ತಿನ ಹುಚ್ಚು, ಕೆಲವರಿಗೆ ಕುಸ್ತಿಯ ಹುಚ್ಚು ಇದ್ದರೆ ಇವರಿಗೆ ಕೆಟ್ಟು ನಿಂತ ಗಾಡಿಗಳ ಹುಚ್ಚು. ಎಲ್ಲಿ ಯಾವ ಕಾರು ಕೋಳಿಗೂಡಾಗಿದೆ, ಯಾವ ಲಾರಿಯ ಮೇಲೆ ಬಳ್ಳಿ ಹಬ್ಬಿದೆ ಎಂಬ ಸುದ್ದಿ ಇವರಿಗೆ ಹೇಗೋ ಮುಟ್ಟುತ್ತಿತ್ತು. ಕೊಳ್ಳುವುದು, ತಿಂಗಳುಗಟ್ಟಲೆ ಬಿಚ್ಚಿ ಜೋಡಿಸುವುದು, ಓಡತೊಡಗಿದ ಮೇಲೆ ಯಾರಿಗಾದರೂ ಮಾರುವುದು, ಬಂದದ್ದರಲ್ಲಿ ಇನ್ನೊಂದು ಕೆಟ್ಟದ್ದನ್ನು ತರುವುದು. ಶಿಗ್ಗಾವಿಯ ರಸ್ತೆ ಗುತ್ತಿಗೆದಾರರೊಬ್ಬರು ಬಿಟ್ಟುಕೊಟ್ಟಿದ್ದ ಕಾರು ಹೀಗೆಯೇ ನಮ್ಮ ಹಿತ್ತಲಲ್ಲಿ ಎದ್ದು ನಿಂತು, ಹಾನಗಲ್ಲಿನ ವಕೀಲರ ಮನೆ ಸೇರಿತ್ತು.

ಮೊದಮೊದಲು ನಾನು ಚಹಾ ಕೊಡಲು ಹಿತ್ತಲಿಗೆ ಹೋಗುತ್ತಿದ್ದೆ. ಆಮೇಲೆ "ಆ ಪಾನಾ ಕೊಡು" ಅಂದರೆ ಕೊಡುತ್ತಿದ್ದೆ. ಒಂದು ದಿನ ನಟ್ಟು ಬಿಗಿಯುವಾಗ ಅವರ ದಪ್ಪ ಬೆರಳು ಹೋಗದ ಕಡೆ ನನ್ನ ಬೆರಳು ಹೋಯಿತು. ಅಲ್ಲಿಗೆ ನನಗೂ ಆ ಹುಚ್ಚು ಅಂಟಿತು. ಅತ್ತೆ ಪಾರ್ವತೆವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಈ ಮನ್ಯಾಗ ಗಂಡನ ಮಾರಿ ನೋಡಬೇಕಂದ್ರ ಮೋಟಾರ ಕೆಳಗ ಹೋಗಬೇಕು. ಹೋಗವ್ವ, ರೊಟ್ಟಿ ನಾ ಬಡೀತೇನಿ" ಎಂದುಬಿಟ್ಟಿದ್ದರು. ಅವರು ಹಾಗೆ ಅನ್ನದೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳದಲ್ಲಿ ನಮ್ಮವರು ನನಗೆ ಗಾಡಿ ಓಡಿಸಲು ಕಲಿಸಿದರು. ಕಲಿಸಿದ್ದಷ್ಟೇ ಅಲ್ಲ, ಧಾರವಾಡಕ್ಕೆ ಕರೆದುಕೊಂಡು ಹೋಗಿ ಲೈಸೆನ್ಸಿನ ಪರೀಕ್ಷೆಗೂ ನಿಲ್ಲಿಸಿದರು. ಪರೀಕ್ಷೆ ಮಾಡುವ ಸಾಹೇಬರು ನನ್ನ ಇಳಕಲ್ ಸೀರೆ, ಕೈತುಂಬ ಬಳೆ ನೋಡಿ, ತಮಾಷೆಯೆಂದೇ ತಿಳಿದರು. "ಮುಂದ ಎಲ್ಲಾರೂ ಹೊಡೀತಾರ. ಆ ಎರಡು ಬೇವಿನ ಗಿಡದ ನಡುವ ಹಿಂದಕ್ಕ ತಗೊಂಡು ನಿಲ್ಲಸ್ರಿ ನೋಡೋಣ" ಎಂದರು. ನಮ್ಮ ಹಿತ್ತಲಿನ ಬಾಗಿಲು ಎಷ್ಟು ಕಿರಿದು ಎಂಬುದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ನಾನು ದಿನವೂ ಕಾರನ್ನು ಹಿಂದಕ್ಕೇ ಒಳಗೆ ತರುತ್ತಿದ್ದವಳು. ಬೇವಿನ ತೊಗಟೆಗೆ ತಾಕದಂತೆ ತಂದು ನಿಲ್ಲಿಸಿದೆ. ಸಾಹೇಬರು ಎದ್ದು ಬಂದು ಎರಡೂ ಬದಿ ನೋಡಿದರು. ಮತ್ತೇನೂ ಕೇಳದೆ ಸಹಿ ಹಾಕಿದರು.

ಆ ವರ್ಷ ದಸರೆ ಕಳೆದ ಮೇಲೆ ಸವಣೂರಿನಿಂದ ಸುದ್ದಿ ಬಂತು. ಒಂದು ವೀಳ್ಯದೆಲೆ ತೋಟದಲ್ಲಿ ಲಾರಿಯೊಂದು ನಿಂತುಬಿಟ್ಟಿದೆ ಎಂದು. ಕೂಡಿಟ್ಟಿದ್ದ ಪೆಟ್ರೋಲನ್ನು ನಮ್ಮ ಮೋಟಾರ್ ಸೈಕಲ್ಲಿಗೆ ಸುರಿದು, ಅದರ ಪಕ್ಕಕ್ಕೆ ಜೋಡಿಸಿದ್ದ ತೊಟ್ಟಿಲಿನಂಥ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟರು. ಸವಣೂರು ನವಾಬರ ಊರು. ಆನೆಯ ಕಾಲಿನಂಥ ಬೊಡ್ಡೆಯ ದೊಡ್ಡಹುಣಸೆ ಮರಗಳನ್ನು ದಾಟಿ, ಊರಾಚೆ ತೋಟಗಳ ನೆರಳಿಗೆ ಇಳಿದರೆ ಗಾಳಿಯೇ ತಂಪು. ಚೊಗಚೆ ಗಿಡಗಳ ತುಂಬ ಎಲೆಬಳ್ಳಿ. ಅಲ್ಲೇ ಒಂದು ಮೂಲೆಯಲ್ಲಿ ಲಾರಿ. ಅದರ ಮುಂದಿನ ಗಾಲಿಗಳು ಮಣ್ಣಲ್ಲಿ ಅರ್ಧ ಹೂತಿದ್ದವು. ಸೀಟಿನ ಮೇಲೆ ಒಂದು ಆಡು ಮಲಗಿ ಮೆಲುಕು ಹಾಕುತ್ತಿತ್ತು.

ತೋಟದ ಯಜಮಾನ ಹುಸೇನಸಾಬ ಐವತ್ತರ ಸುಮಾರಿನ ಎತ್ತರದ ಮನುಷ್ಯ. ಅವರು ಈ ಲಾರಿಯಲ್ಲಿ ತಮ್ಮ ಮತ್ತು ನೆರೆತೋಟಗಳ ಎಲೆಯನ್ನು ಹಾನಗಲ್ಲು, ಹಿರೇಕೆರೂರು ಸಂತೆಗಳಿಗೆ ಕಳಿಸುತ್ತಿದ್ದವರು. ಪೆಟ್ರೋಲ್ ನಿಂತಿತು, ಲಾರಿ ನಿಂತಿತು. ಎರಡು ಮಳೆಗಾಲದಲ್ಲಿ ಎಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತು. ಈಗ ಎಲೆಯೆಲ್ಲ ಚಕ್ಕಡಿಯಲ್ಲಿ ಹೋಗಬೇಕು. ದೂರದ ಸಂತೆ ಮುಟ್ಟುವಷ್ಟರಲ್ಲಿ ಅರ್ಧ ಹಳದಿಯಾಗಿ ಮುದುಡಿರುತ್ತಿತ್ತು.

"ಎಲಿ ಕೊಯ್ದು ಎಲಿ ಗಿಡದ ಬುಡಕ್ಕ ಗೊಬ್ಬರಾ ಹಾಕಾಕತ್ತೇವ್ರಿ ಅಣ್ಣಾರ" ಎಂದರು ಹುಸೇನಸಾಬ. "ಹೋದ ವಾರ ಕಬ್ಬಣದ ವ್ಯಾಪಾರಿ ಬಂದಿದ್ದ. ಲಾರಿ ಒಡದು ಕೊಡು ಅಂದ. ನಾ ಅವನ್ನ ತ್ವಾಟದಿಂದ ಹೊರಗ ಹಾಕಿದೆ. ನೀವು ಒಡ್ಯಾಕ ಒಯ್ಯೂದಾದ್ರ ಹೇಳಿಬಿಡ್ರಿ, ಚಾ ಕುಡದು ಹೋಗ್ರಿ."

"ಒಡ್ಯಾಕಲ್ಲ, ಓಡಸಾಕ" ಎಂದರು ನಮ್ಮವರು.

"ಪೆಟ್ರೋಲ್ ಎಲ್ಲೈತ್ರಿ?"

"ಪೆಟ್ರೋಲ್ ಬ್ಯಾಡ. ಇದ್ದಲಿ ಮ್ಯಾಲೆ ಓಡಸ್ತೇನಿ. ಹುಬ್ಬಳ್ಳ್ಯಾಗ ಎರಡು ಬಸ್ಸಿಗೆ ಇದ್ದಲಿ ಗ್ಯಾಸಿನ ಡ್ರಮ್ಮು ಕಟ್ಯಾರ. ಕಣ್ಣಾರೆ ನೋಡಿ ಬಂದೇನಿ."

ಹುಸೇನಸಾಬ ಬಹಳ ಹೊತ್ತು ಲಾರಿಯನ್ನೂ ನಮ್ಮ ಮೋಟಾರ್ ಸೈಕಲ್ಲನ್ನೂ ನೋಡಿದರು. ಕೊನೆಗೆ ವ್ಯವಹಾರ ಕುದುರಿದ್ದು ಹೀಗೆ: ಲಾರಿ ನಮಗೆ, ಮೋಟಾರ್ ಸೈಕಲ್ಲು ಅವರಿಗೆ. ಜೊತೆಗೆ ಒಂದು ಮಾತು. ಲಾರಿ ಎದ್ದರೆ ಅದರ ಮೊದಲ ಹೇರು ಸವಣೂರಿನ ಎಲೆಯೇ ಆಗಬೇಕು.

ಬಂದದ್ದು ಮೋಟಾರ್ ಸೈಕಲ್ಲಿನಲ್ಲಿ, ಹೋದದ್ದು ನಾಲ್ಕು ಎತ್ತು ಎಳೆಯುವ ಸತ್ತ ಲಾರಿಯಲ್ಲಿ. ಸ್ಟೇರಿಂಗ್ ಹಿಡಿದು ನಮ್ಮವರು, ಪಕ್ಕದಲ್ಲಿ ನಾನು. ಬಂಕಾಪುರ, ಹಾನಗಲ್ಲು, ಚಿಕ್ಕೇರೂರು, ಎಲ್ಲ ಕಡೆಯೂ ಜನ ಕೆಲಸ ಬಿಟ್ಟು ನೋಡಿದರು. "ಎತ್ತಿಗೆ ಎಷ್ಟು ಎಣ್ಣಿ ಹಾಕ್ತೀರಿ?" ಎಂದು ಕೇಳದ ಊರಿಲ್ಲ. ನಮ್ಮವರು ಪ್ರತಿ ಊರಲ್ಲೂ ನಗುತ್ತ ಕೈಬೀಸಿದರು. ಅವರ ಸ್ವಭಾವವೇ ಹಾಗೆ. ನನಗೆ ಮಾತ್ರ ಒಂದೇ ಚಿಂತೆ, ಮನೆಯಲ್ಲಿ ಮಾವ ಏನೆನ್ನುವರೋ ಎಂದು.

ಮಾವ ವೀರಭದ್ರಪ್ಪನವರು ಕೂಗಾಡುವ ಮನುಷ್ಯರಲ್ಲ. ಲಾರಿ ಮನೆಯ ಮುಂದೆ ನಿಂತಾಗ ಕಟ್ಟೆಯ ಮೇಲೆ ಕೂತೇ ನೋಡಿದರು. ವಿಭೂತಿ ಧರಿಸಿದ ಹಣೆ ಒಮ್ಮೆ ಗಂಟಿಕ್ಕಿತು, ಅಷ್ಟೇ. ಮರುವಾರ ಹುಬ್ಬಳ್ಳಿಯಿಂದ ಹಳೆಯ ಕಬ್ಬಿಣದ ವ್ಯಾಪಾರಿಯೊಬ್ಬ ಬಂದು ಅವರ ಜೊತೆ ಕೂತು ಹೋದ. ಸಂಜೆ ಮಾವ ನಮ್ಮಿಬ್ಬರನ್ನೂ ಕರೆದರು.

"ಚನ್ನಾ, ಪ್ಯಾಟ್ಯಾಗ ಮಂದಿ ನಗತಾರ. ವೀರಭದ್ರಪ್ಪನ ಮನಿ ಗುಜರಿ ಅಂಗಡಿ ಆಗೇತಿ ಅಂತಾರ. ನಾ ನಿನ್ನ ಇಷ್ಟು ವರ್ಷ ತಡೀಲಿಲ್ಲ. ಈಗ ಮಾತು ಕೊಟ್ಟೇನಿ. ಶಿವರಾತ್ರಿ ಮುಂದಿನ ಸಂತಿ ದಿನ ಹುಬ್ಬಳ್ಳಿ ಮನಿಶ್ಯಾ ಬರ್ತಾನ. ಹಿತ್ತಲದಾಗಿನ ಕಬ್ಬಣ ಅಷ್ಟೂ ಒಯ್ತಾನ."

"ಅಪ್ಪಾ, ಈ ಲಾರಿ ಓಡ್ತೈತಿ" ಎಂದರು ನಮ್ಮವರು.

"ಓಡಿದ್ರ ಭೇಷ್. ಆ ದಿನ ಸಂತಿ ನೆರದಾಗ, ತನ್ನ ಕಾಲ ಮ್ಯಾಲೆ ತಾ ಬಂದು, ಎಲ್ಲಾರ ಮುಂದ ಹೇರು ಇಳಸಲಿ. ನಾ ಮುಂದ ಒಂದು ಮಾತೂ ಆಡೂದಿಲ್ಲ. ಎತ್ತು ಕಟ್ಟಿ ಬಂದ್ರ ನಡ್ಯೂದಿಲ್ಲ."

ನಮ್ಮವರು ಗೋಣು ಹಾಕಿ ಒಪ್ಪಿದರು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ಹಿತ್ತಲಲ್ಲಿ ಆಗ ಆ ಲಾರಿಯಲ್ಲದೆ ಅರ್ಧ ಬಿಚ್ಚಿದ ಎರಡು ಕಾರುಗಳಿದ್ದವು, ಅವರು ಹುಡುಗನಾಗಿದ್ದಾಗಿನಿಂದ ಕೂಡಿಸಿದ ಉಪಕರಣಗಳಿದ್ದವು. ಅವನ್ನೆಲ್ಲ ಕಳೆದುಕೊಂಡರೆ ಈ ಮನುಷ್ಯ ಅಂಗಡಿಯ ಗಾದಿಯ ಮೇಲೆ ಬಿಳಿ ಅಂಗಿಯಲ್ಲಿ ಮುದುಕನಾಗುತ್ತಾನೆ ಎಂದು ನನಗನ್ನಿಸಿತು. ನಾನೋ? ನಾನು ರೊಟ್ಟಿಯ ಹಂಚಿನ ಮುಂದೆ.

ಆ ಚಳಿಗಾಲ ನಾವು ದುಡಿದದ್ದನ್ನು ನೆನೆದರೆ ಈಗಲೂ ತೋಳು ಜುಮ್ಮೆನ್ನುತ್ತದೆ. ಬೆಳಗಿನ ಮಂಜಿನಲ್ಲಿ ಕಬ್ಬಿಣ ಮುಟ್ಟಿದರೆ ಬೆರಳು ಅಂಟಿದಂತಾಗುತ್ತಿತ್ತು. ಮೊದಲು ಎಂಜಿನ್ನಿನ ತಲೆ ಬಿಚ್ಚಿದೆವು. ಒಳಗಿನ ಪಿಸ್ಟನ್ನುಗಳು ತಮ್ಮ ಗೂಡಿನ ಗೋಡೆಗೆ ತುಕ್ಕಿನಿಂದ ಬೆಸೆದುಹೋಗಿದ್ದವು. ಸೀಮೆಎಣ್ಣೆಗೆ ಔಡಲೆಣ್ಣೆ ಕಲಸಿ ಒಳಗೆ ಸುರಿದು ಬಿಟ್ಟೆವು. ದಿನವೂ ಒಂದು ಕಟ್ಟಿಗೆಯ ಕೊರಡು ಇಟ್ಟು ಮೆಲ್ಲಗೆ ಬಡಿಯುವುದು, ಮತ್ತೆ ಎಣ್ಣೆ ಹಾಕುವುದು. ವಾರ ಕಳೆಯಿತು, ಎರಡು ವಾರ ಕಳೆಯಿತು, ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಎಲ್ಲರೂ ಹೊರಟಿದ್ದರು. ನಮ್ಮವರು ಹೊಸ ಧೋತರ ಉಟ್ಟವರು ಹೋಗುವ ಮುಂಚೆ ಒಮ್ಮೆ ಬಡಿದು ಬರುತ್ತೇನೆಂದು ಹಿತ್ತಲಿಗೆ ಹೋದರು. "ಗಿರಿಜಾ!" ಎಂದು ಅವರು ಕೂಗಿದ ಕೂಗಿಗೆ ಚೇಳು ಕಡಿಯಿತೆಂದು ನಾನು ಓಡಿದೆ. ಅವರು ಹೊಸ ಧೋತರದ ತುಂಬ ಕಪ್ಪು ಎಣ್ಣೆ ಮಾಡಿಕೊಂಡು ಕುಣಿಯುತ್ತಿದ್ದರು. ಒಂದು ಪಿಸ್ಟನ್ನು ಬೆರಳಗಲ ಕೆಳಗೆ ಇಳಿದಿತ್ತು. ಹೊಲಕ್ಕೆ ನಾವಿಬ್ಬರೂ ಹೋದದ್ದು ಎಲ್ಲರದೂ ಊಟವಾದ ಮೇಲೆ.

ಹಂಸಭಾವಿಯ ಕಮ್ಮಾರರು ಗ್ಯಾಸಿನ ಡ್ರಮ್ಮು ಮಾಡಿಕೊಟ್ಟರು. ಅದರ ಕೆಲಸ ಹೇಳಲು ಸುಲಭ. ಮನುಷ್ಯನ ಎತ್ತರದ ಡ್ರಮ್ಮಿನೊಳಗೆ ಇದ್ದಿಲು ತುಂಬಿ ಕೆಳಗೆ ಬೆಂಕಿ ಇಡಬೇಕು. ಕೈಯಿಂದ ತಿರುಗಿಸುವ ಫ್ಯಾನಿನಿಂದ ಗಾಳಿ ಊದಬೇಕು. ಅರೆಬೆಂದ ಹೊಗೆ ಕೊಳವೆಯಲ್ಲಿ ಹಾದು, ತಣ್ಣಗಾಗಿ, ತೆಂಗಿನ ನಾರಿನಲ್ಲಿ ಸೋಸಿ ಎಂಜಿನ್ನಿಗೆ ಹೋಗಬೇಕು. ಸ್ವಲ್ಪ ಪೆಟ್ರೋಲಿನ ಮೇಲೆ ಎಂಜಿನ್ ಶುರುವಾದರೆ, ಆಮೇಲೆ ಈ ಗ್ಯಾಸು ಎಳೆದುಕೊಂಡು ಓಡುತ್ತದೆ. ಹೇಳಲು ಸುಲಭ, ಅಷ್ಟೇ. ನಮ್ಮದು ಒಂದು ನಿಮಿಷ ಗುಡುಗುಟ್ಟಿ, ಕೆಮ್ಮಿ, ಸಾಯುತ್ತಿತ್ತು. ದಿನವೂ ಅದೇ. ನಮ್ಮವರು ಕೊಳವೆ ಬದಲಿಸಿದರು, ನಾರು ಬದಲಿಸಿದರು, ಫ್ಯಾನು ಬದಲಿಸಿದರು. ನಾನು ಬೆಂಕಿಯನ್ನು ನೋಡುತ್ತ ಕೂತೆ. ಒಂದು ದೊಡ್ಡ ಕೊಳ್ಳಿ, ನಾಲ್ಕು ಪುಡಿ, ನಡುವೆ ಟೊಳ್ಳು. ಇಂಥ ಬೆಂಕಿಯ ಮೇಲೆ ನಾನಾದರೆ ಹಾಲು ಕೂಡ ಕಾಯಿಸುತ್ತಿರಲಿಲ್ಲ.

"ಡ್ರಮ್ಮು ಬಿಡ್ರಿ, ಇದ್ದಲಿ ಬದಲ ಮಾಡೋಣು. ಜಾಲಿ ಇದ್ದಲೀನ ಬೇಕು, ಎಲ್ಲಾ ಒಂದ ಅಳತಿ, ಬೆಲ್ಲದ ಅಚ್ಚಿನಷ್ಟು. ಪುಡಿ ಒಂದೀಟೂ ಇರಬಾರದು" ಎಂದೆ.

ಅವರು ವಾದ ಮಾಡಲಿಲ್ಲ. ಅವರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗುಣ ಅದು. ಅತ್ತೆ ಮತ್ತು ನಾನು ಕೂತು ಮೂಟೆಗಟ್ಟಲೆ ಇದ್ದಿಲು ಒಡೆದು ಜರಡಿ ಹಿಡಿದೆವು. ಮರುದಿನ ಕೊಳವೆಯ ತುದಿಗೆ ಕಡ್ಡಿ ಗೀರಿ ಹಿಡಿದಾಗ ನೀಲಿ ಜ್ವಾಲೆ ನಿಂತಿತು, ದೇವರ ಮುಂದಿನ ದೀಪದ ಹಾಗೆ ಅಲುಗಾಡದೆ. ಎಂಜಿನ್ನು ಹಿಡಿದುಕೊಂಡಿತು. ಕೆಮ್ಮಲಿಲ್ಲ, ಸಾಯಲಿಲ್ಲ. ಮಸಿ ಬಳಿದ ಮುಖದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಮಾವ ಕಿಟಕಿಯಿಂದ ನೋಡಿದರು.

ಸಂತೆಯ ಹಿಂದಿನ ದಿನ ಖಾಲಿ ಲಾರಿಯನ್ನು ನಮ್ಮವರೇ ಓಡಿಸಿಕೊಂಡು ಸವಣೂರು ಮುಟ್ಟಿದರು. ಹುಸೇನಸಾಬ ತೋಟದ ದಾರಿಯಲ್ಲಿ ನಿಂತು, ತಮ್ಮದೇ ಲಾರಿ ಹೊಗೆ ಬಿಡುತ್ತ ಬರುವುದನ್ನು ಕಂಡು, ರುಮಾಲು ತೆಗೆದು ಕಣ್ಣೊರೆಸಿಕೊಂಡರು. ಬೆಳಕು ಹರಿಯುವಷ್ಟರಲ್ಲಿ ತೋಟ ತೋಟಗಳಿಂದ ಎಲೆಯ ಬುಟ್ಟಿಗಳು ಬಂದವು. ಬಾಳೆ ಎಲೆ ಹೊದಿಸಿ, ಹಸಿ ಗೋಣಿ ಮುಚ್ಚಿ ಹೇರಿದರು. ಸವಣೂರಿನ ಎಲೆಯವರೆಲ್ಲ ಆ ದಿನದ ಕೊಯ್ಲನ್ನು ನಮ್ಮನ್ನೇ ನಂಬಿ ಹೇರಿದ್ದರು.

ನಮ್ಮವರು ಎಂಜಿನ್ ಶುರುಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುವಿದರು. ಹಳೆಯ ಎಂಜಿನ್ನುಗಳದು ಕೆಟ್ಟ ಗುಣ. ಕಿಡಿ ಮೊದಲೇ ಹತ್ತಿಬಿಟ್ಟರೆ ಹ್ಯಾಂಡಲ್ ಕುದುರೆಯ ಹಾಗೆ ತಿರುಗಿ ಒದೆಯುತ್ತದೆ. ಒದೆಯಿತು. ಒಣಗಿದ ಕಟ್ಟಿಗೆ ಮುರಿದ ಸದ್ದು. ನಮ್ಮವರು ಬಲಗೈ ಹಿಡಿದುಕೊಂಡು ನೆಲಕ್ಕೆ ಕೂತರು. ಮುಂಗೈ ಸೊಟ್ಟಗಾಗಿತ್ತು.

ಹುಸೇನಸಾಬ ಬಿದಿರಿನ ಪಟ್ಟಿ ಕಟ್ಟಿ, ಬಟ್ಟೆಯಲ್ಲಿ ಕೈಯನ್ನು ಕೊರಳಿಗೆ ತೂಗಿಸಿದರು. ಆಮೇಲೆ ಎಲೆಯ ಬುಟ್ಟಿಗಳ ಕಡೆ ನೋಡಿ, "ಆ ಮ್ಯಾಲಿನ ಮಾಲಕನ ಮರ್ಜಿ. ಚಕ್ಕಡಿ ಕಟ್ಟಸ್ತೇನ್ರಿ ಅಣ್ಣಾರ, ಎಷ್ಟು ಉಳಿತೈತೋ ಉಳೀಲಿ" ಎಂದರು.

"ಬ್ಯಾಡ್ರಿ" ಎಂದೆ ನಾನು. "ನಾ ಹೊಡೀತೇನಿ."

ಕೆರೆಯಂಗಳದಲ್ಲಿ ಕಾರು ಓಡಿಸುವುದು ಬೇರೆ, ಹೇರಿದ ಲಾರಿಯನ್ನು ಅಷ್ಟು ದೂರ ಒಯ್ಯುವುದು ಬೇರೆ. ನನಗದು ಗೊತ್ತಿರಲಿಲ್ಲವೆಂದಲ್ಲ. ನಮ್ಮವರು ನೋವಿನಲ್ಲಿ ಬಿಳಿಚಿದ ಮುಖವೆತ್ತಿ ನನ್ನನ್ನು ನೋಡಿದರು. "ಹೊಡೀತಾಳ. ನನಗಿಂತ ಛಲೋ ಹೊಡೀತಾಳ. ಹುಸೇನಸಾಬ್ರ, ನೀವು ಡ್ರಮ್ಮಿನ ಕಡೆ ನಿಂದರ್ರಿ, ಇದ್ದಲಿ ನೋಡಿಕೋಬೇಕು" ಎಂದರು.

ನಾನು ಕಚ್ಚೆ ಹಾಕಿಕೊಂಡು ಹತ್ತಿದೆ. ಹುಸೇನಸಾಬ ಕಿಡಿ ತಡವಾಗಿ ಹತ್ತಲೆಂದು ಅದರ ಹಿಡಿಯನ್ನು ಹಿಂದಕ್ಕೆ ಸರಿಸಿರುವುದನ್ನು ಎರಡೆರಡು ಸಲ ನೋಡಿ, ಹ್ಯಾಂಡಲ್ ತಿರುವಿದರು. ಎಂಜಿನ್ ಎದ್ದಿತು. ಗ್ಯಾಸು ತೆರೆದೆ. ಲಾರಿ ಗಬ್ಬದ ಎಮ್ಮೆಯಂತೆ ಮೆಲ್ಲಗೆ ಹೊರಟಿತು.

ಬಂಕಾಪುರದ ತನಕ ಸುಖವಾಯಿತು. ಬಿಸಿಲೇರಿದಾಗ ವರದಾ ಹೊಳೆ ಬಂತು. ನಾವು ಹಿಡಿದ ದಾರಿಯಲ್ಲಿ ಸೇತುವೆ ಇರಲಿಲ್ಲ. ಚಳಿಗಾಲದ ನೀರು ಗಾಲಿಯ ನಡುವಿಗೂ ಬರುತ್ತಿರಲಿಲ್ಲ, ದಾಟಿದೆವು. ಆದರೆ ಆಚೆಯ ದಂಡೆ ಚಕ್ಕಡಿ ಏರಿ ಏರಿ ಕೊರೆದ ಕಡಿದಾದ ಏರು. ಇದ್ದಿಲಿನ ಗ್ಯಾಸಿಗೆ ಪೆಟ್ರೋಲಿನ ಅರ್ಧ ಕಸುವೂ ಇಲ್ಲ. ಮೊದಲ ಗೇರಿನಲ್ಲಿ ಅರ್ಧ ಏರುವಷ್ಟರಲ್ಲಿ ಎಂಜಿನ್ನಿನ ದನಿ ಕೆಳಗಿಳಿಯಿತು, ನರಳಿತು, ನಿಂತಿತು. ಬ್ರೇಕು ತುಳಿದು ಮೆಲ್ಲಗೆ ಹಿಂದಕ್ಕೆ ಜಾರಿಸಿ ಹೊಳೆಯ ಮರಳಿಗೆ ತಂದೆ. ಎರಡನೆಯ ಸಲವೂ ಅಷ್ಟೇ.

ಹುಸೇನಸಾಬ ಕೆಳಗಿಳಿದು, "ಬುಟ್ಟಿ ಇಳಿಸಿ, ತೆಲಿಮ್ಯಾಲೆ ಹೊತ್ತು ದಾಟಸೋಣೇನ್ರಿ?" ಎಂದರು.

"ಇಳಿಸಿ ಏರಸೂದರೊಳಗ ಸಂತಿ ಮುಗೀತೈತಿ" ಎಂದರು ನಮ್ಮವರು. ಅವರ ಹಣೆಯ ಮೇಲೆ ಬೆವರಿತ್ತು. ಕೈಯ ನೋವಿಗೋ ಏರಿನ ಚಿಂತೆಗೋ ತಿಳಿಯಲಿಲ್ಲ.

ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಿದ್ದ ನನಗೆ ಮನೆಯ ನೆನಪಾಯಿತು. ನಮ್ಮ ಹಿತ್ತಲ ಬಾಗಿಲಿಗೆ ಒಂದು ಎತ್ತರದ ಕಲ್ಲಿನ ಹೊಸ್ತಿಲಿತ್ತು. ಅದನ್ನು ಹತ್ತಿಸುವಾಗ ಮುಂದಿನ ಗೇರು ಮುಗ್ಗರಿಸುತ್ತಿತ್ತು, ಹಿಂದಿನ ಗೇರು ತಡವರಿಸದೆ ಹತ್ತಿಬಿಡುತ್ತಿತ್ತು. ಹಳೆಯ ಗಾಡಿಗಳಲ್ಲಿ ಎಲ್ಲಕ್ಕಿಂತ ನಿಧಾನ ಮತ್ತು ಎಲ್ಲಕ್ಕಿಂತ ಗಟ್ಟಿ ಹಿಂದಿನ ಗೇರು.

"ರೀ, ತಿರಿಗಿಸಿಕೊಂಡು ಹಿಂದಕ್ಕ ಏರಸ್ತೇನಿ" ಎಂದೆ.

ನಮ್ಮವರು ನೋವನ್ನೂ ಮರೆತು ನಕ್ಕುಬಿಟ್ಟರು. "ಏರಸು!"

ಮರಳಿನಲ್ಲಿ ಲಾರಿಯನ್ನು ತಿರುಗಿಸಿದೆ. ಹೊಳೆಯ ಕಡೆ ಮುಖ, ದಂಡೆಯ ಕಡೆ ಬೆನ್ನು. ಹುಸೇನಸಾಬ ಡ್ರಮ್ಮಿಗೆ ಹೊಸ ಇದ್ದಿಲು ಸುರಿದು, ನೀಲಿ ಜ್ವಾಲೆ ನೆಟ್ಟಗಾಗುವವರೆಗೆ ಫ್ಯಾನು ತಿರುಗಿಸಿದರು. ಆಮೇಲೆ ದೊಡ್ಡದೊಂದು ಕಲ್ಲು ಎತ್ತಿಕೊಂಡು, ಲಾರಿ ನಿಂತರೆ ಗಾಲಿಗೆ ಕೊಡಲು ಸಿದ್ಧರಾದರು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಹಿಂದೆ ನೋಡುತ್ತ ಕ್ಲಚ್ ಬಿಟ್ಟೆ.

ಏರಿತು. ಇರುವೆ ಏರಿದಷ್ಟು ನಿಧಾನ, ಆದರೆ ಏರಿತು. ಎಂಜಿನ್ನು ಗಂಟಲು ಹರಿಯುವಂತೆ ಕೂಗುತ್ತಿತ್ತು. ಚಕ್ಕಡಿಯ ಜಾಡಿನಲ್ಲಿ ಗಾಲಿ ಒಮ್ಮೆ ಅತ್ತ, ಒಮ್ಮೆ ಇತ್ತ. ಒಂದು ಬದಿಗೆ ಕೊರಕಲು, ಇನ್ನೊಂದು ಬದಿಗೆ ಬಂಡೆ. ನಡುವೆ ಒಂದು ಕಡೆ ದನಿ ಇಳಿಯಿತು. "ನಿಲ್ಲಸಬ್ಯಾಡ್ರಿ ಅವ್ವಾರ, ಏರಾಕತ್ತೇತಿ!" ಎಂದು ಹುಸೇನಸಾಬ ಕಲ್ಲು ಹಿಡಿದುಕೊಂಡೇ ಪಕ್ಕದಲ್ಲಿ ಓಡುತ್ತ ಕೂಗಿದರು. ನಾನು ನಿಲ್ಲಿಸಲಿಲ್ಲ. ಹಿಂದಿನ ಗಾಲಿಗಳು ದಂಡೆಯ ತುದಿ ದಾಟಿ ಮೇಲಿನ ಸಮ ನೆಲಕ್ಕೆ ಕೂತಾಗ, ಕಣ್ಣ ಮುಂದೆ ವರದೆ ಬಿಸಿಲಲ್ಲಿ ಹೊಳೆಯುತ್ತ ದೂರ ಕೆಳಗೆ ಇತ್ತು. ಹುಸೇನಸಾಬ ಕಲ್ಲನ್ನು ಹೊಳೆಗೆ ಎಸೆದು "ಯಾ ಅಲ್ಲಾ!" ಎಂದರು. ನಮ್ಮವರು ಎಡಗೈಯಿಂದ ನನ್ನ ಭುಜ ಹಿಡಿದರು. ಅದುವರೆಗೆ ಮೂರನೆಯವರ ಎದುರಿಗೆ ಅವರು ನನ್ನನ್ನು ಮುಟ್ಟಿದವರಲ್ಲ.

ಹಾನಗಲ್ಲು ಮುಟ್ಟುವಾಗ ರೇಡಿಯೇಟರು ಸೋರತೊಡಗಿತ್ತು. ನೀರು ಬೇಕು, ತೂತು ಮುಚ್ಚಲು ಅರಿಶಿಣದ ಪುಡಿ ಬೇಕು. ನೇರ ನನ್ನ ತವರುಮನೆಯ ಮುಂದೆ ನಿಲ್ಲಿಸಿದೆ. ಅವ್ವ ಅಂಗಳದಲ್ಲಿ ಭತ್ತ ಕೇರುತ್ತಿದ್ದವಳು ಮೊರ ಹಿಡಿದುಕೊಂಡೇ ಎದ್ದು ಬಂದಳು. ಮಸಿ ಮೆತ್ತಿದ ನನ್ನ ಮುಖ ಅವಳಿಗೆ ಮೊದಲು ಗುರುತೇ ಹತ್ತಲಿಲ್ಲ.

"ಅವ್ವಾ, ಅರಿಶಿಣ ತಾ."

"ಗಿರಿಜಾ? ನಿನ್ನ ಮಾರಿ ಏನಾಗೇತಿ? ಅಳಿಯಾರ ಕೈ ಏನಾಗೇತಿ? ಅರಿಶಿಣ ಯಾಕ, ಗಾಯಕ್ಕೇನು?"

"ಲಾರಿಗೆ!"

ಅವ್ವ ಡಬ್ಬಿಗೆ ಡಬ್ಬಿಯೇ ತಂದಳು. ನಾನು ಅದನ್ನು ರೇಡಿಯೇಟರಿಗೆ ಸುರಿದು ನೀರು ಹಾಕುತ್ತಿದ್ದಾಗ ಅವಳು ಬಂದು ಎಂಜಿನ್ನಿನ ಮುಂಭಾಗಕ್ಕೆ ದೊಡ್ಡದಾಗಿ ಕುಂಕುಮ ಹಚ್ಚಿದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಅವರ ಕಡೆ ತಿರುಗಿ ಅವ್ವ, ಪ್ರತಿಯೊಂದು ಅಕ್ಷರವೂ ಕೇಳಿಸುವಂತೆ, "ನನ್ನ ಮಗಳು. ಸವಣೂರಿಂದ ತಾನ ಹೊಡಕೊಂಡು ಬಂದಾಳ" ಎಂದಳು.

ತಿಳವಳ್ಳಿ ದಾಟಿ ಚಿಕ್ಕೇರೂರಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಓಡಿತ್ತು. ಎತ್ತುಗಳನ್ನು ಕಂಡು ನಕ್ಕಿದ್ದ ಅದೇ ಜನ ದಾರಿ ಬಿಟ್ಟು ನಿಂತಿದ್ದರು. ಹಂಸಭಾವಿಯಲ್ಲಿ ಕಮ್ಮಾರರು ಅಂಗಡಿಯಿಂದ ಓಡಿಬಂದು ತಾವು ಮಾಡಿದ ಡ್ರಮ್ಮನ್ನು ತಟ್ಟಿ ನೋಡಿ, ಬಿಸಿಗೆ ಕೈ ಜಾಡಿಸಿಕೊಂಡು, ನಗುತ್ತ ಹಿಂದೆ ಹತ್ತಿ ಕೂತರು.

ಹಿರೇಕೆರೂರಿನ ಸಂತೆ ಇನ್ನೂ ತುಂಬಿತ್ತು. ಹಾರ್ನು ಕೆಟ್ಟಿತ್ತು, ಅದರ ಅಗತ್ಯವೂ ಬೀಳಲಿಲ್ಲ. ಹೊಗೆ ಕಂಡೇ ಜನ ಎರಡು ಪಾಲಾದರು. ಮೆಣಸಿನಕಾಯಿಯ ರಾಶಿ, ಬೆಲ್ಲದ ಅಂಗಡಿ, ಬಳೆಗಾರರನ್ನು ದಾಟಿ, ನಮ್ಮ ಅಂಗಡಿಯ ಎದುರಿನ ಬಯಲಿಗೆ ಲಾರಿಯನ್ನು ತಂದು ನಿಲ್ಲಿಸಿದೆ. ಹುಬ್ಬಳ್ಳಿಯ ವ್ಯಾಪಾರಿ ಆಗಲೇ ಬಂದು ಮಾವನ ಪಕ್ಕದಲ್ಲಿ ಗಾದಿಯ ಮೇಲೆ ಕೂತಿದ್ದ.

ಹುಸೇನಸಾಬ ಹಸಿ ಗೋಣಿ ಸರಿಸಿದರು. ಎಲೆ ಆಗ ತಾನೇ ಬಳ್ಳಿಯಿಂದ ಕಿತ್ತ ಹಾಗೆ ಮಿರಮಿರ ಮಿಂಚುತ್ತಿತ್ತು. ಎಷ್ಟೋ ತಿಂಗಳಿಂದ ಹಳದಿ ಎಲೆ ಜಗಿದು ಬೇಸತ್ತಿದ್ದ ಸಂತೆ ಮುಗಿಬಿತ್ತು. ಬುಟ್ಟಿಗಳು ನೆಲ ಮುಟ್ಟುವ ಮುಂಚೆಯೇ ಬರಿದಾಗುತ್ತಿದ್ದವು.

ಮಾವ ಗಾದಿಯಿಂದ ಎದ್ದು ಬಂದರು. ಮಗನ ಕೊರಳಿಗೆ ಕಟ್ಟಿದ ಕೈ ನೋಡಿದರು. ಆಮೇಲೆ ಲಾರಿಯ ಬಾಗಿಲು ತೆರೆದು ಇಳಿಯುತ್ತಿದ್ದ ನನ್ನನ್ನು ನೋಡಿದರು. ನಾನು ಸೆರಗು ತಲೆಗೆಳೆದುಕೊಂಡೆ. ಸೆರಗೂ ಕಪ್ಪಗಾಗಿತ್ತು.

"ಯಾರು ಹೊಡದ್ರು?" ಎಂದರು.

"ನಿಮ್ಮ ಸೊಸಿ. ಹೊಳಿ ದಂಡಿ ಹಿಂದ್ ಹಿಂದಕ್ಕ ಏರಿಸಿದ್ಲು" ಎಂದರು ನಮ್ಮವರು.

ಸಂತೆಯ ಅಷ್ಟು ಜನರ ನಡುವೆ, ವಿಭೂತಿ ಧರಿಸಿದ ಆ ದೊಡ್ಡ ಮನುಷ್ಯ, ಹೆಗಲ ಮೇಲಿನ ಬಿಳಿಯ ಶಲ್ಯ ತೆಗೆದು ನನ್ನ ಕೈಗೆ ಕೊಟ್ಟರು. "ಮಾರಿ ಒರಸಿಕೋ ಮಗಾ" ಎಂದರು. ತಿರುಗಿ ಹುಬ್ಬಳ್ಳಿಯವನಿಗೆ ಕೈಮುಗಿದು, "ಊಟಾ ಮಾಡಿಕೊಂಡು ಹೋಗ್ರಿ ಸಾವಕಾರ. ನಮ್ಮಲ್ಲಿ ಹಳೇ ಕಬ್ಬಣ ಇಲ್ಲ" ಎಂದರು.

ಆ ಬೇಸಿಗೆಯೆಲ್ಲ ನಾವು ಸವಣೂರಿನ ಎಲೆ ಹೇರಿದೆವು. ನಮ್ಮವರ ಕೈ ಕೂಡುವ ತನಕ ನಾನೇ ಓಡಿಸಿದೆ. ಕೂಡಿದ ಮೇಲೂ ವರದೆಯ ಏರು ಬಂದರೆ ಅವರು ಇಳಿದು ಸೀಟು ನನಗೆ ಬಿಡುತ್ತಿದ್ದರು. ಮುಂಗಾರಿನ ಹೊತ್ತಿಗೆ ಹುಸೇನಸಾಬ ಮತ್ತು ನೆರೆತೋಟದವರು ಕೂಡಿ ಬಂದು ಲಾರಿ ಕೇಳಿದರು. ಓಡುವ ಗಾಡಿಯನ್ನು ಇಟ್ಟುಕೊಂಡು ನಾವೇನು ಮಾಡುವುದು? ನಮ್ಮ ಸುಖವೆಲ್ಲ ಓಡದ ಗಾಡಿಯಲ್ಲಿ. ಕೊಟ್ಟೆವು. ಹುಸೇನಸಾಬ ಎಲೆಯ ದೊಡ್ಡ ಪೆಂಡಿಯೊಂದನ್ನು ಅತ್ತೆಯ ಉಡಿಗೆ ಹಾಕಿ ಹೊರಟರು.

ಹಿತ್ತಲಲ್ಲಿ ಲಾರಿ ನಿಂತಿದ್ದ ಜಾಗ ಖಾಲಿಯಾಗಿ ಬಿಕೋ ಎನ್ನುತ್ತಿತ್ತು. ನಮ್ಮವರು ಅಲ್ಲಿ ಅತ್ತಿತ್ತ ಅಡ್ಡಾಡುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಮಾವ ಪೂಜೆ ಮುಗಿಸಿ, ರುಮಾಲು ಸುತ್ತಿ, ಕೋಟು ಹಾಕಿಕೊಂಡು ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು. ಕೆಮ್ಮಿದರು. ಸೂರಿನ ಕಡೆ ನೋಡುತ್ತ ಮಾತು ತೆಗೆದರು.

"ಶಿಗ್ಗಾವಿ ಹತ್ರ ಒಂದು ಬಸ್ಸು ಬಾವಿಕಟ್ಟಿ ಮಗ್ಗಲಕ ಬಿದ್ದೈತಂತ. ಹಿಂದಿನ ಭಾಗ ಸುಟ್ಟೈತಿ, ಎಂಜಿನ್ನು ಗಟ್ಟಿ ಐತಿ ಅಂತ ಅಡತಿ ಅಂಗಡಿಗೆ ಬಂದವ ಹೇಳಿದ." ಮತ್ತೆ ಕೆಮ್ಮಿದರು. "ನೋಡಿ ಬರೋದಕ್ಕೇನು ಖರ್ಚು? ಚಕ್ಕಡಿ ಕಟ್ಟಿಸೇನಿ. ಚನ್ನಾ, ನೀ ಬೇಕಾದ್ರ ಬಾ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಅಂತೂ ಬರಬೇಕವ್ವ."